ಚರ್ಚಿಗೆ ಬಂದ ಮುಯ್ಯಾಳುಗಳು

ಟಿಲ್ಲರ್ ಹೊಡೆಯುತ್ತ ಊರೂರು ಸುತ್ತುವವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಗದ್ದೆಗೆ ಇಳಿದರೆ ಕೆಸರಿನ ಜೊತೆ ಅದೂ ಕಾಲಿಗೆ ಹತ್ತುತ್ತದೆ. ಶಾಲೆ ಅರ್ಧಕ್ಕೆ ಬಿಟ್ಟಾಗಿನಿಂದ ಕೆರೆಕಟ್ಟೆ, ಹರಿಹರಪುರ ಅಂತ ತಿರುಗುತ್ತಲೇ ಇದ್ದೇನೆ. ಊಟ ಹಾಕುತ್ತಾರೆ ಅಂದರೆ ಮಾತ್ರ ದೇವಸ್ಥಾನದ ಮೆಟ್ಟಿಲು ಹತ್ತುವ ಪೈಕಿ ನಾನು. ಅಂಥವನು ಬಾಯಿ ಬಿಟ್ಟುಕೊಂಡು ನಿಂತದ್ದು ಕಡಹಿನಬೈಲಿನ ಕಡೆಯ ಒಂದು ಸಣ್ಣ ಚರ್ಚಿನಲ್ಲಿ.

ಕರೆದರೆ ಬಾರದವರು

ಆ ಚರ್ಚಿಗೆ ಹೊಸದಾಗಿ ಬಂದ ಫಾದರಿಗೆ ಇದ್ದದ್ದು ನಾಲ್ಕೇ ಮನೆ ಕ್ರಿಶ್ಚಿಯನ್ನರು. ಗದ್ದೆಯಲ್ಲಿ ಸಸಿ ನೆಡುವ ನಟ್ಟಿ ಮುಗಿಯುವ ಹೊತ್ತಿಗೆ ಬಿಷಪ್ ಬಂದು ನೋಡುತ್ತಾರೆ, ಜನ ಇಲ್ಲದಿದ್ದರೆ ಬಾಗಿಲು ಹಾಕಿಸುತ್ತಾರೆ ಅಂತ ಸುದ್ದಿ. ಫಾದರ್ ಮನೆಮನೆಗೆ ಹೋಗಿ, "ಜಾತಿ ಧರ್ಮ ಯಾವುದೂ ಬೇಡ, ಸುಮ್ಮನೆ ಬಂದು ಕೂತು ಹೋಗಿ" ಅಂದರು. ಯಾವ ಮಠಕ್ಕೂ ಗುಡಿಗೂ ಹೋಗದ ಮುದುಕ ಗೌಡ್ರೊಬ್ಬರಿಗೂ ಹೇಳಿದರು.

"ಸುಮ್ಮನೆ ಕೂರಲಿಕ್ಕೆ ನಮ್ಮ ಜಗಲಿಯೇ ಉಂಟಲ್ಲ ಮಾರಾಯ್ರೆ," ಅಂದರು ಗೌಡ್ರು. "ಬನ್ನಿ, ನೀವೇ ಕೂರಿ."

ಫಾದರ್ ಕೂತರು. ಕಾಫಿಯನ್ನೂ ಕುಡಿದರು.

ಕೆಸರಿಗೆ ಇಳಿದ ಫಾದರ್

ಮರುದಿನ ಗೌಡ್ರ ಗದ್ದೆಗೆ ಟಿಲ್ಲರ್ ಇಳಿಸಿದೆ. ನೋಡಿದರೆ ಫಾದರ್ ಲುಂಗಿ ಎತ್ತಿ ಕಟ್ಟಿ ಸಸಿ ಹಿಡಿದು ನಿಂತಿದ್ದಾರೆ. ನಟ್ಟಿಗೆ ಆಳು ಸಿಗದ ಕಾಲ, ಗೌಡ್ರು ಬೇಡ ಅನ್ನಲಿಲ್ಲ. ಅವರು ನೆಟ್ಟ ಸಾಲು ಹಾವು ಹರಿದ ಹಾಗಿತ್ತು.

"ಮುಂದೆ ಹೋಗ್ತಾ ನೆಡೋದಲ್ಲ ಫಾದರ್," ಅಂದಳು ಪಕ್ಕದಲ್ಲಿ ನೆಡುತ್ತಿದ್ದ ಹೆಂಗಸು. "ಹಿಂದೆ ಹಿಂದೆ ಹೋಗ್ಬೇಕು."

"ಅದು ಸುಲಭ," ಅಂದರು ಫಾದರ್. "ನಮ್ಮ ಚರ್ಚು ಹೋಗ್ತಿರೋದೇ ಹಾಗೆ."

ಆಮೇಲೆ ಅವರು ಇಳಿಯದ ಗದ್ದೆಯಿಲ್ಲ. ಏಸುವಿನ ಸುದ್ದಿ ಮಾತ್ರ ಎತ್ತಲಿಲ್ಲ.

ಗೌಡ್ರ ಚಿಂತೆ

ನಮ್ಮ ಕಡೆ ಮುಯ್ಯಿ ಅಂತ ಒಂದು ಕಟ್ಟು. ನೀನು ನನ್ನ ಗದ್ದೆಗೆ ಒಂದು ದಿನ ದುಡಿದರೆ ನಿನ್ನ ಗದ್ದೆಗೆ ನಾನೊಂದು ದಿನ. ತೀರಿಸದವನಿಗೆ ಊರಲ್ಲಿ ಮರ್ಯಾದೆಯಿಲ್ಲ. ಫಾದರಿಗೆ ಗದ್ದೆಯೇ ಇಲ್ಲವಲ್ಲ, ತೀರಿಸೋದು ಹೇಗೆ ಅಂತ ಗೌಡ್ರಿಗೆ ಅನ್ನ ಸೇರಲಿಲ್ಲ. ಕೊನೆಗೆ ಫಾದರನ್ನೇ ಕೇಳಿದರು:

"ನಿಮ್ಮ ಕೆಲಸ ಎಂತದ್ದು ಹೇಳಿ, ಅದನ್ನೇ ಮಾಡ್ತೇವೆ."

"ನನ್ನ ಕೆಲಸ ಭಾನುವಾರದ ಪ್ರಾರ್ಥನೆ."

"ಆಯ್ತು. ಆಳಿಗೆ ಆಳು ಬರ್ತದೆ."

ಬಿಷಪ್ ಬರುವ ಭಾನುವಾರ ಬೆಳಗ್ಗೆ ಎಂಟಕ್ಕೇ ಚರ್ಚು ತುಂಬಿತು. "ಅಣ್ಣಂಗೆ ಸೊಂಟನೋವು, ಬದಲಿಗೆ ನಾನು ಬಂದೆ" ಅಂತ ಒಬ್ಬ ಬಾಗಿಲಲ್ಲೇ ಒಪ್ಪಿಸಿದ. ಎಲ್ಲರೂ ಕೈಕಟ್ಟಿ ಕೂತರು. ದೇವರ ಹತ್ತಿರ ಏನನ್ನೂ ಕೇಳದೆ ಇಷ್ಟು ಜನ ಕೂತದ್ದನ್ನು ನಾನು ಎಲ್ಲೂ ನೋಡಿದವನಲ್ಲ. ಮೈ ಜುಂ ಅಂತು.

ಪ್ರಾರ್ಥನೆ ಮುಗಿಯಿತು. ಯಾರೂ ಏಳಲಿಲ್ಲ. "ಇನ್ನು ಹೊರಡಬಹುದು," ಅಂದರು ಫಾದರ್.

"ಸಂಜೆ ತನಕ ಅಲ್ವಾ?" ಅಂದರು ಗೌಡ್ರು. "ನೀವು ನಮ್ಮಲ್ಲಿ ಅರ್ಧ ದಿನಕ್ಕೆ ಗದ್ದೆಯಿಂದ ಮೇಲೆ ಹತ್ತಿದವರಲ್ಲ."

ದೊಡ್ಡ ಆಳು

ಹತ್ತೂವರೆಗೆ ಬಿಷಪ್ ಬಂದವರು ತುಂಬಿದ ಚರ್ಚು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟರು. ಆಮೇಲೆ ಗೌಡ್ರ ಪಕ್ಕ ಕೂತು ಮೆಲ್ಲಗೆ ಕೇಳಿದರು, "ಅಜ್ಜ, ನಿಮಗೆ ಏಸುವಿನಲ್ಲಿ ನಂಬಿಕೆ ಇದೆಯಾ?"

ಫಾದರ್ ಮುಖ ಬಿಳಚಿಕೊಂಡಿತು.

"ಅದೆಲ್ಲ ನಂಗೊತ್ತಿಲ್ಲ ಸ್ವಾಮಿ. ಫಾದರ್ ನಮ್ಮ ಗದ್ದೆ ನೆಟ್ಟಿದ್ದಾರೆ, ಮುಯ್ಯಿ ತೀರಿಸಲಿಕ್ಕೆ ಬಂದದ್ದು. ನೀವು?"

ಬಿಷಪ್ ಶಿಲುಬೆಯ ಕಡೆ ಕೈ ತೋರಿಸಿದರು.

"ನಾನೂ ಮುಯ್ಯಿಗೇ ಬಂದವನು, ಅಜ್ಜ. ಅಗೋ, ಅವರದ್ದು. ಇನ್ನೂ ತೀರಿಲ್ಲ," ಅಂದರು. ಆಮೇಲೆ ಫಾದರ್ ಕಡೆ ತಿರುಗಿ, "ಈ ಬಾಗಿಲನ್ನು ನಾನು ಹೇಗೆ ಹಾಕಲಿ?" ಅಂದರು.

ಫಾದರ್ ಕಣ್ಣೊರೆಸಿಕೊಂಡರು. ಗೌಡ್ರು ಮಾತ್ರ ಗೋಡೆ ಗಡಿಯಾರ ನೋಡಿ ಅಂದರು:

"ಹಂಗಾರೆ ಎಂಟಕ್ಕೇ ಬರಬೇಕಿತ್ತು ಮಾರಾಯ್ರೆ. ಹತ್ತೂವರೆಗೆ ಬಂದವರಿಗೆ ಅರ್ಧ ದಿನದ ಲೆಕ್ಕವೇ ಹಾಕೋದು."