ಡೆವೆನಿಶ್ ದೊರೆಯ ಬಿನ್ನವತ್ತಳೆ

ಅಷ್ಟೂ ರಾದ್ಧಾಂತಕ್ಕೆ ಕಾರಣ ಒಂದು ಕಾಗದದ ಅಡಿಯಲ್ಲಿ ಅವಸರವಾಗಿ ಗೀಚಿದ್ದ ನಾಲ್ಕು ಸಾಲು.

ಕಾಗದ ಬಂದದ್ದು ಲಂಡನ್ನಿನಿಂದ, ಬೆಳಗಿನ ಟಪಾಲು ಹಡಗಿನಲ್ಲಿ. ಬರೆದವನು ನಮ್ಮ ಗವರ್ನರ್ ಸರ್ ಲೂಕಸ್ ಡೆವೆನಿಶ್‌ನ ಹೆಂಡತಿಯ ದಾಯಾದಿ. ‘ತಂಪು ಹವೆಯ ದೊಡ್ಡ ವಸಾಹತೊಂದರ ಗವರ್ನರ್ ಹುದ್ದೆ ಖಾಲಿಯಾಗಿದೆ. ಇಲ್ಲಿ ನಿನ್ನ ಹೆಸರೂ ಓಡಾಡುತ್ತಿದೆ. ಆದರೆ ಇನ್ನೊಬ್ಬನನ್ನು ಹೊಗಳಿ ಅವನ ಪ್ರಜೆಗಳು ಬರೆದ ಮೂರು ಬಿನ್ನವತ್ತಳೆಗಳು ಬಂದು ಬಿದ್ದಿವೆ. ನಿನ್ನ ಹತ್ತಿರ ಒಂದಾದರೂ ಇದ್ದರೆ ಇದೇ ಹಡಗಿಗೆ ಕಳಿಸು.’

ಹಡಗು ಹೊರಡುವುದು ಮಧ್ಯಾಹ್ನ ನಾಲ್ಕಕ್ಕೆ. ಮುಂದಿನದು ಬರುವುದು ತಿಂಗಳ ಮೇಲೆ. ಅಷ್ಟರಲ್ಲಿ ಆ ತಂಪು ಹವೆಯಲ್ಲಿ ಇನ್ನೊಬ್ಬ ಹಾಯಾಗಿ ಕೂತಿರುತ್ತಾನೆ.

ನಮ್ಮ ಸೇಂಟ್ ಬ್ಲೇಝ್ ದ್ವೀಪವನ್ನು ಡೆವೆನಿಶ್ ಐದು ವರ್ಷದಿಂದ ಆಳುತ್ತಿದ್ದ. ಅವನು ಮಾಡಿದ ಉಪಕಾರವನ್ನೆಲ್ಲ ಒಂದು ಗೇರುಬೀಜದ ಸಿಪ್ಪೆಯಲ್ಲಿ ತುಂಬಿಡಬಹುದಿತ್ತು. ಉಪದ್ರವ ತುಂಬಲು ಮಾತ್ರ ಕೋಟೆಯೂ ಸಾಲದು. ಮೂವತ್ತು ವರ್ಷ ಸಿಪಾಯಿಗಿರಿ ಮಾಡಿದವನಿಗೆ ಊರೆಂದರೆ ದಂಡಿನ ಪಾಳೆಯ. ಮುಂಜಾನೆ ನಾಲ್ಕಕ್ಕೆ ತೋಪು ಹಾರಿಸಿ ಊರನ್ನೇ ಎಬ್ಬಿಸುತ್ತಿದ್ದ. ಭಾನುವಾರ ಚರ್ಚಿನ ಹಿಂದೆ ನಗಾರಿ ಬಾರಿಸಿ ಕವಾಯತು ಮಾಡಿಸುತ್ತಿದ್ದ. ಬಂಗಲೆಯೆದುರಿನ ಹುಣಸೆಮರದ ನೆರಳಲ್ಲಿ ನಡೆಯುತ್ತಿದ್ದ ಸಂತೆ ತನ್ನ ಮಧ್ಯಾಹ್ನದ ನಿದ್ದೆಗೆ ಅಡ್ಡಿಯೆಂದು, ಹೆಂಗಸರನ್ನೆಲ್ಲ ಕೋಟೆಯ ಹಿಂದಿನ ಉಪ್ಪಿನ ಬಯಲಿಗೆ ಅಟ್ಟಿದ್ದ. ಊರಿನ ನೀರಿನ ತೊಟ್ಟಿಗೆ ಬೀಗ ಜಡಿದು ದಿನಕ್ಕೆರಡು ಗಂಟೆ ಮಾತ್ರ ತೆಗೆಸುತ್ತಿದ್ದ. ಕೇಳಿದರೆ ಶಿಸ್ತು ಎನ್ನುತ್ತಿದ್ದ.

“ಬಿನ್ನವತ್ತಳೆ ಬೇಕು ಪಿಂಡರ್, ಇವತ್ತೇ ಬೇಕು,” ಎಂದ, ಅರ್ಧ ಗಡ್ಡ ಹೆರೆದ ಮುಖದಲ್ಲೇ ಕಚೇರಿಗೆ ಬಂದು.

ಪಿಂಡರ್ ಕಚೇರಿಯ ಗುಮಾಸ್ತ, ಇದೇ ಊರಿನವನು. ಡೆವೆನಿಶ್ ಅವನ ಪಾಲಿಗೆ ಆರನೆಯ ದೊರೆ. ಹಿಂದಿನವರಲ್ಲಿ ಮೂವರನ್ನು ಹಡಗಿಗೆ ಹತ್ತಿಸಿ, ಇಬ್ಬರನ್ನು ಮಣ್ಣಿಗೆ ಇಳಿಸಿ ಬಂದವನು.

“ಹಳೇದೊಂದಿದೆ ದೊರೆ. ಹೆಸರು ಬದಲಾಯಿಸಿದ್ರೆ ಆಯ್ತು. ಹಿಂದಿನೋರಿಗೆಲ್ಲ ಅದನ್ನೇ ಕೊಟ್ಟಿದ್ದು.”

“ನನ್ನ ಜೀವನಚರಿತ್ರೆ ಇರ್ಬೇಕಯ್ಯಾ ಅದ್ರಲ್ಲಿ. ನಾನು ಯುದ್ಧ ಮಾಡಿದೋನು.”

“ಅದ್ರಲ್ಲೂ ಒಬ್ಬ ಯುದ್ಧ ಮಾಡಿದೋನು ಇದಾನೆ ದೊರೆ. ಯಾರಿಗೆ ಬೇಕಾದ್ರೂ ಹೊಂದತ್ತೆ.”

ದೊರೆ ಒಪ್ಪಲಿಲ್ಲ. ಪಿಂಡರ್ ನಿಟ್ಟುಸಿರಿಟ್ಟು ಪದ್ಧತಿಯನ್ನು ವಿವರಿಸಿದ. ಬಿನ್ನವತ್ತಳೆಗೆ ಇನ್ನೂರಾದರೂ ರುಜು ಬೇಕು. ರುಜುವಿನ ಹಾಳೆ ಊರು ಸುತ್ತುತ್ತಿರುವಾಗಲೇ ಇತ್ತ ಒಕ್ಕಣೆ ಸಿದ್ಧವಾಗುತ್ತದೆ. ಓದಿ ರುಜು ಹಾಕಿದವರು ನಮ್ಮಲ್ಲಿ ಈವರೆಗೆ ಯಾರೂ ಇಲ್ಲ. ದೊರೆಯಂತೂ ಅದನ್ನು ಮೊದಲೇ ನೋಡಕೂಡದು. ಜನ ಸಂಜೆ ಐದಕ್ಕೆ ಬಂಗಲೆಯ ಜಗಲಿಗೆ ಬಂದು ಓದುತ್ತಾರೆ, ದೊರೆ ಏನೂ ಅರಿಯದವನಂತೆ ಬೆಚ್ಚಿಬೀಳಬೇಕು, ಆಮೇಲೆ ಜೇಬಿನಿಂದ ಬರೆದಿಟ್ಟ ಉತ್ತರ ತೆಗೆಯಬೇಕು.

“ಹಡಗು ನಾಲ್ಕಕ್ಕೇ ಹೋಗತ್ತಲ್ಲ?”

“ಒಂದು ಪ್ರತಿ ಮುಂಚೇನೇ ಮೊಹರು ಮಾಡಿ ಟಪಾಲಿಗೆ ಹಾಕ್ತೀನಿ ದೊರೆ. ಯಾವಾಗ್ಲೂ ಹಂಗೇ.”

ದೊರೆಸಾನಿ ಹೊನೋರಿಯಾ ತಿಂಡಿಯ ಮೇಜಿನಿಂದಲೇ ಎಲ್ಲ ಕೇಳಿಸಿಕೊಂಡಳು. “ಇನ್ನೂರು ಜನ ನಿಮ್ಮನ್ನ ಹೊಗಳ್ಬೇಕಾ ಲೂಕಸ್? ಈ ದ್ವೀಪದಲ್ಲಿ ಇನ್ನೂರು ಜನ ಒಂದೇ ಮಾತಿಗೆ ಬರೋದು ನಿಮ್ಮನ್ನ ಬೈಯೋಕೆ ಮಾತ್ರ.”

ದೊರೆ ಮೊದಲು ಹೋದದ್ದು ಶಾಸನಸಭೆಯ ಅಧ್ಯಕ್ಷ ಸ್ಪೂನರ್ ಮನೆಗೆ. ಸ್ಪೂನರ್ ಕಬ್ಬಿನ ತೋಟಗಳ ಒಡೆಯ, ಅವನ ಮನೆಯಿರುವುದು ಕೋಟೆಯ ತೋಪಿನ ನೇರ ಕೆಳಗೆ. ಕಿವಿಯ ಹತ್ತಿ ತೆಗೆಯುತ್ತ ಬಾಗಿಲಿಗೆ ಬಂದ.

“ಐದು ವರ್ಷದಿಂದ ನಾಲ್ಕು ಗಂಟೆಗೆ ತೋಪು ಹಾರಿಸ್ತಿದೀರಿ ಸರ್ ಲೂಕಸ್. ಪ್ರತಿ ಸಲ ಬೆಚ್ಚಿಬಿದ್ದು ಎದ್ದಾಗ್ಲೂ ನನ್ನ ಹೆಂಡತಿ ಬೈಯೋದು ನನ್ನನ್ನ. ನಾನೇ ಹಾರಿಸಿದೆನೇನೋ ಅನ್ನೋ ಹಾಗೆ.”

“ಶಿಸ್ತು ಸ್ಪೂನರ್, ಒಂದು ನಾಡು ಅಂದ್ಮೇಲೆ...”

“ನನ್ನ ಕಬ್ಬು ಶಿಸ್ತಿಲ್ಲದೇನೇ ಬೆಳಿಯತ್ತೆ. ತೋಪು ನಿಲ್ಸಿ, ರುಜು ಹಾಕ್ತೀನಿ. ನೀವು ಬೇರೆ ಊರಿಗೆ ಹೋಗೋದಾದ್ರೆ ಇನ್ನೂ ದಪ್ಪಕ್ಷರದಲ್ಲಿ ಹಾಕ್ತೀನಿ.”

ತೋಪು ನಿಂತಿತು. ದೊರೆ ಅಲ್ಲೇ ಆಜ್ಞೆ ಬರೆದುಕೊಟ್ಟ. ಅಲ್ಲಿಂದ ಪಾದ್ರಿ ಗ್ಯಾಸ್ಕಿನ್ ಮನೆ. ಪಾದ್ರಿಯ ಗೋಳು ಕವಾಯತಿನದು.

“ನಿಮ್ಮ ನಗಾರಿ ಗಲಾಟೇಲಿ ನನ್ನ ಒಂದು ಪ್ರವಚನಾನೂ ಜನಕ್ಕೆ ಕೇಳಿಸಿಲ್ಲ ದೊರೆಗಳೇ. ಐದು ವರ್ಷ.”

“ಯಾರೂ ದೂರು ಕೊಟ್ಟಿಲ್ಲವಲ್ಲ?”

“ಅದೇ ನನ್ನ ದುಃಖ,” ಎಂದ ಪಾದ್ರಿ.

ಕವಾಯತೂ ನಿಂತಿತು. ಆ ಸುದ್ದಿ ಊರಲ್ಲಿ ಹಬ್ಬುತ್ತಲೇ ರುಜು ಹಾಕಲು ಒಪ್ಪಿದ್ದ ಹನ್ನೊಂದು ಮಂದಿ ಚರ್ಚಿನ ಭಕ್ತರು ಮನಸ್ಸು ಬದಲಾಯಿಸಿದರು. ಉಳಿದಂತೆ ವೈದ್ಯ, ಸುಂಕದವನು, ಇಬ್ಬರು ವ್ಯಾಪಾರಿಗಳು, ಅವರ ಅಳಿಯಂದಿರು, ಹೀಗೆ ಮಧ್ಯಾಹ್ನ ಹನ್ನೆರಡಾಗುವಾಗ ಹಾಳೆಯ ಮೇಲೆ ಹತ್ತೊಂಬತ್ತು ಹೆಸರಿತ್ತು.

“ಓದುಬರಹ ಬಲ್ಲೋರು ಮುಗಿದ್ರು ದೊರೆ. ಇನ್ನು ಕತ್ತರಿ ಗುರುತು ಹಾಕೋರೇ ಗತಿ. ಉಪ್ಪಿನ ಬಯಲಿಗೆ ಹೋಗೋಣ,” ಎಂದ ಪಿಂಡರ್.

ಉಪ್ಪಿನ ಬಯಲೆಂದರೆ ಮಾ ಸೆಲೆಸ್ಟೀನ್. ಸಂತೆಯ ಹೆಂಗಸರಿಗೆಲ್ಲ ಅವಳೇ ಹಿರಿಯಳು. ಅರ್ಧ ಆಯುಷ್ಯ ಇನ್ನೊಬ್ಬರ ಆಸ್ತಿಯಾಗಿ ಬದುಕಿದವಳು. ಗುಲಾಮಗಿರಿ ರದ್ದಾದ ದಿನ ಹೊಲದಲ್ಲಿ ಗುದ್ದಲಿಯ ಜೊತೆಗೆ ದೊರೆಗಳ ಹೆದರಿಕೆಯನ್ನೂ ಬಿಸಾಕಿ ಬಂದಿದ್ದಳು.

ಕೆಂಪು ಅಂಗಿ, ಕತ್ತಿ, ಹಂಸದ ಗರಿಯ ಟೋಪಿ, ಇಷ್ಟೂ ತೊಟ್ಟು ದೊರೆ ನೆತ್ತಿ ಸುಡುವ ಬಿಸಿಲಲ್ಲಿ ಹೋಗಿ ನಿಂತ. ಮಾ ಸೆಲೆಸ್ಟೀನ್ ಒಂದು ಬುಟ್ಟಿ ಬೋರಲು ಹಾಕಿದಳು.

“ಕೂತ್ಕೊಳ್ಳಿ ದೊರೆ.”

“ನಿಂತೇ ಹೇಳ್ತೀನಿ.”

“ನಾವು ಐದು ವರ್ಷದಿಂದ ಇದೇ ಬಿಸಿಲಲ್ಲಿ ಕೂತಿದೀವಿ. ಅರ್ಧ ಗಂಟೆಗೆ ನೀವೇನೂ ಕರಗಿ ಹೋಗಲ್ಲ, ಕೂತ್ಕೊಳ್ಳಿ.”

ದೊರೆ ಕೂತ. ಟೋಪಿ ತೆಗೆದು ಪಕ್ಕಕ್ಕಿಟ್ಟ. ಯಾರೋ ಕೈಗೆ ಉಪ್ಪುಮೀನಿನ ಬಿಸಿ ವಡೆ ಕೊಟ್ಟರು.

“ಏನ್ ಬೇಕಂತೆ ಇವರಿಗೆ?” ದೊರೆ ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಅವಳು ಪಿಂಡರನನ್ನು ಕೇಳಿದಳು.

“ಹೊಗಳಿಕೆ, ಮಾ.”

“ಎಷ್ಟು ಬೇಕಂತೆ?”

“ಇನ್ನೂರು ಜನದ್ದು. ನಾಲ್ಕು ಗಂಟೆ ಒಳಗೆ.”

“ಮೊದಲು ಸಾಮಾನು ನೋಡೋಣ. ಎಲ್ಲಿ ದೊರೆ, ನಿಮ್ಮ ಕತೆ ಹೇಳಿ. ಹುಟ್ಟಿದಲ್ಲಿಂದ ಶುರು ಮಾಡಿ.”

ಡೆವೆನಿಶ್ ಗಂಟಲು ಸರಿಮಾಡಿಕೊಂಡ. “ನಾನು ಹುಟ್ಟಿದ್ದು ಐರ್ಲೆಂಡಲ್ಲಿ. ಹದಿನೇಳು ಕೋಣೆ ಬಂಗಲೆ.”

“ಎಷ್ಟು ಸೋರ್ತಿತ್ತು?”

ದೊರೆ ಪಿಂಡರನ ಮುಖ ನೋಡಿದ. ಪಿಂಡರ್ ಸಮುದ್ರ ನೋಡುತ್ತಿದ್ದ. “ಹನ್ನೊಂದು,” ಎಂದ ದೊರೆ ಮೆಲ್ಲಗೆ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಬೇಕೆನ್ನುವ ಮನೆತನ ಅವನದು. ನಾಲ್ಕನೆಯ ಮಗ. ಆಸ್ತಿ ಹಿರಿಯಣ್ಣನಿಗೆ, ಸಾಲ ನಡುವಿನವರಿಗೆ, ಇವನ ಪಾಲಿಗೆ ಉಳಿದದ್ದು ಸೈನ್ಯ. ಹದಿನಾರಕ್ಕೆ ಸೇರಿದ. ಸ್ಪೇನಿನ ಯುದ್ಧದಲ್ಲಿ ಮೊಣಕಾಲಿಗೆ ಗುಂಡು ತಗುಲಿದ್ದನ್ನು ಅವನು ಉತ್ಸಾಹದಿಂದ ಹೇಳತೊಡಗಿದ.

“ಗುಂಡು ಯಾರ್ದು?” ಎಂದಳು ಮಾ.

“ಮಂಜು ಕವಿದಿತ್ತು...”

“ಯಾರ್ದು ಅಂದೆ.”

“ನಮ್ಮೋರದ್ದೇ.”

ಹೆಂಗಸರಲ್ಲಿ ಕಿಸಕ್ಕನೆ ನಗೆಯೆದ್ದಿತು. ಆಮೇಲೆ ಅವನು ಒಂದಾದಮೇಲೊಂದು ಬಿಸಿಲ ದೇಶಗಳಲ್ಲಿ, ಅಲ್ಲಿನವರಿಗೆ ಬೇಡವಾದ ಕೋಟೆಗಳನ್ನು ಕಾದದ್ದು, ಮೀಸೆ ನರೆತದ್ದು, ಕೊನೆಗೆ ಯಾರೂ ಒಪ್ಪದ ನಮ್ಮ ದ್ವೀಪ ಇವನ ಕೊರಳಿಗೆ ಬಿದ್ದದ್ದು ಎಲ್ಲ ಹೊರಬಂತು. ಮಾ ಸೆಲೆಸ್ಟೀನ್ ಗಮನವಿಟ್ಟು ಕೇಳಿದಳು.

“ನಿಮ್ಮ ಐರ್ಲೆಂಡನ್ನ ನಿಮ್ಮೋರೇ ಆಳ್ತಾರಾ ದೊರೆ?”

“ಇಲ್ಲ. ಲಂಡನ್ನಿಂದ ಕಳಿಸ್ತಾರೆ.”

“ನಿಮ್ಮ ಜನಕ್ಕೆ ಹೆಂಗನ್ಸತ್ತೆ ಅದು?”

“ಹಿಡಿಸಲ್ಲ.”

“ಓ, ಹಂಗೆ. ದೊರೆತನ ಮಾಡೋದು ನೀವು ಅಲ್ಲೇ ಕಲ್ತಿದ್ದು ಹಂಗಾದ್ರೆ. ಕೆಳಗೆ ನಿಂತು, ಮೇಲಿನೋರನ್ನ ನೋಡಿ ನೋಡಿ.”

ಈ ಸಲ ಯಾರೂ ನಗಲಿಲ್ಲ. ಡೆವೆನಿಶ್‌ಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಾಚಿಕೆ. ಐದು ವರ್ಷದಲ್ಲಿ ಮೊದಲ ಸಲ ಈ ಹೆಂಗಸರ ತಲೆಯ ಮೇಲಿನ ಬಿಸಿಲು ಅವನಿಗೂ ತಟ್ಟಿತು. ಆದರೆ ನಾಚಿಕೆ ಕೈಯಲ್ಲಿದ್ದ ವಡೆ ಮುಗಿಯುವವರೆಗೂ ಬಾಳಲಿಲ್ಲ, ತಂಪು ಹವೆಯ ನೆನಪಾಯಿತು. ಅಷ್ಟರಲ್ಲಿ ಒಂದು ಆಡು ಪಕ್ಕದಲ್ಲಿ ನಿಂತು ಟೋಪಿಯ ಹಂಸದ ಗರಿಯನ್ನು ಬುಡದವರೆಗೂ ಮೇಯ್ದು ಮುಗಿಸಿತ್ತು.

“ಏನು ಮಾಡಿದ್ರೆ ಗುರುತು ಹಾಕ್ತೀರಿ?” ಎಂದ ಬೋಳು ಟೋಪಿ ಕಿತ್ತುಕೊಳ್ಳುತ್ತ.

“ಹುಣಸೆಮರ ವಾಪಸ್ ಬೇಕು. ತೊಟ್ಟಿ ಬೀಗದಕೈ ನಮ್ಮ ಹತ್ರ ಇರ್ಬೇಕು. ಮೊದಲು ಬೀಗದಕೈ, ಆಮೇಲೆ ಗುರುತು.”

“ಆಯ್ತು.”

“ಇನ್ನೊಂದು. ಕೊನೇಲಿ ಮಹಾರಾಣಿಗೆ ಒಂದು ಪ್ರಾರ್ಥನೆ ಇರತ್ತಂತಲ್ಲ, ಅದನ್ನ ನಾವು ಹೇಳ್ದಂಗೆ ಬರೀಬೇಕು.”

ದೊರೆಗೆ ಒಳಗೊಳಗೇ ಖುಷಿಯಾಯಿತು. ಐದು ವರ್ಷ ತನ್ನನ್ನು ಸಹಿಸಿಕೊಂಡ ಜನ, ಈ ಮಹಾತ್ಮನನ್ನು ಬೇಗ ಇಲ್ಲಿಂದ ದೊಡ್ಡ ಜಾಗಕ್ಕೆ ಎತ್ತಿಹಾಕಿ ಎಂದಲ್ಲದೆ ಇನ್ನೇನು ಬೇಡಿಯಾರು? “ಧಾರಾಳವಾಗಿ ಬರೆಸು. ಜನರ ಬಾಯಿಂದಲೇ ಬಂದ್ರೆ ಇನ್ನೂ ತೂಕ,” ಎಂದ.

ಬೀಗದಕೈ ಬಂತು. ಹೆಂಗಸರು ಬುಟ್ಟಿ ಹೊತ್ತು ಮೆರವಣಿಗೆಯಂತೆ ಹುಣಸೆಮರದಡಿಗೆ ನಡೆದರು. ಅಲ್ಲಿ ಪಿಂಡರ್ ಮಾ ಹೇಳಿದಂತೆ ಒಕ್ಕಣೆ ಬರೆಯುತ್ತಿದ್ದರೆ, ಇತ್ತ ಅವರು ಸಾಲಾಗಿ ನಿಂತು ಕತ್ತರಿ ಗುರುತು ಹಾಕಿದರು. ನಮ್ಮ ಅಜ್ಜಿ ಆ ಸಾಲಿನಲ್ಲಿ ಮೂರನೆಯವಳು, ಆಮೇಲೆ ಜೀವಮಾನವಿಡೀ ಅದನ್ನೇ ಹೇಳಿಕೊಂಡು ತಿರುಗಿದಳು. ಮೂರೂವರೆಗೆ ಲೆಕ್ಕ ಇನ್ನೂರ ಮೂವತ್ತು ದಾಟಿತು.

ಬಿನ್ನವತ್ತಳೆಯ ಜೊತೆಗೆ ದೊರೆಯದೂ ಒಂದು ಕಾಗದ ಹೋಗಬೇಕಿತ್ತು. ಡೆವೆನಿಶ್ ಅದನ್ನು ಒಂದೇ ಉಸಿರಿಗೆ ಬರೆದ. ‘ಇದು ನನ್ನ ಪ್ರಜೆಗಳ ಸ್ವಂತ ಮಾತು. ಇದರಲ್ಲಿ ಹೇಳಿರುವ ಸುಧಾರಣೆಗಳನ್ನೆಲ್ಲ ನಾನು ಮನಃಪೂರ್ವಕ ಮಾಡಿದ್ದೇನೆ, ಅವು ಶಾಶ್ವತ. ಅವರ ಪ್ರಾರ್ಥನೆಯೇ ನನ್ನ ಪ್ರಾರ್ಥನೆ. ಮಹಾರಾಣಿಯವರು ಅದನ್ನು ಅಕ್ಷರಶಃ ನಡೆಸಿಕೊಡಬೇಕಾಗಿ ಮೊಣಕಾಲೂರಿ ಬೇಡುತ್ತೇನೆ.’ ಮೊಹರು ಬಿತ್ತು. ಚೀಲ ದೋಣಿ ಹತ್ತಿತು. ನಾಲ್ಕಕ್ಕೆ ಹಡಗು ಹಾಯಿ ಬಿಚ್ಚಿತು. ದೊರೆ ಹೆಂಡತಿಗೆ ಉಣ್ಣೆಯ ಬಟ್ಟೆಗಳನ್ನು ಬಿಸಿಲಿಗೆ ಹಾಕಲು ಹೇಳಿದ.

ಐದಕ್ಕೆ ಜಗಲಿಯ ಮುಂದೆ ಊರೇ ಸೇರಿತು. ಡೆವೆನಿಶ್ ಬೋಳು ಟೋಪಿ ಧರಿಸಿ ಬಂದು, ಪದ್ಧತಿಯಂತೆ ಬೆಚ್ಚಿಬಿದ್ದ. ಪಿಂಡರ್ ಓದತೊಡಗಿದ. ಹದಿನೇಳು ಕೋಣೆಗಳು ಬಂದವು, ಸೋರುವಿಕೆ ಬರಲಿಲ್ಲ. ಗುಂಡು ಬಂತು, ಅದು ವೈರಿಯದೇ ಆಗಿತ್ತು. ದೊರೆಯ ಎದೆ ಉಬ್ಬಿತು. ಪ್ರಾರ್ಥನೆ ಬಂತು.

“‘ಸರ್ ಲೂಕಸ್ ಅವರು ಐದು ವರ್ಷದಲ್ಲಿ ಮಾಡದ್ದನ್ನು ಇಂದು ಒಂದೇ ದಿನದಲ್ಲಿ ಮಾಡಿ ತೋರಿಸಿದ್ದಾರೆ. ಒಂದು ದಿನಕ್ಕೆ ಇಷ್ಟಾದರೆ ಮುಂದೆ ಎಷ್ಟಾದೀತೆಂದು ನೆನೆದು ನಮಗೆ ಆನಂದಬಾಷ್ಪ ಬರುತ್ತಿದೆ. ಆದ್ದರಿಂದ ಮಹಾರಾಣಿಯವರು ಇವರನ್ನು ಎಷ್ಟೇ ದೊಡ್ಡ ಪದವಿಗೂ ಬೇರೆಡೆಗೆ ಕಳಿಸದೆ, ಇವರ ಜೀವ ಇರುವವರೆಗೂ ನಮ್ಮಲ್ಲಿಯೇ ಇರಿಸಬೇಕಾಗಿ ಬೇಡುತ್ತೇವೆ.’”

ಸ್ಪೂನರ್‌ನ ಮುಖ ಸಪ್ಪಗಾಯಿತು. ದೊರೆ ಸಮುದ್ರದ ಕಡೆ ನೋಡಿದ. ಹಡಗು ಭೂಶಿರ ದಾಟಿ ಹೋಗಿತ್ತು.

“ಉತ್ತರ ಓದಿ ಲೂಕಸ್, ಜನ ಕಾಯ್ತಿದಾರೆ,” ಎಂದಳು ಹೊನೋರಿಯಾ.

ಅವನು ಜೇಬಿನಿಂದ ಕಾಗದ ತೆಗೆದ. “ಪ್ರಿಯ ಪ್ರಜೆಗಳೇ, ಸ್ವಲ್ಪವೂ ನಿರೀಕ್ಷಿಸದ ಈ ಗೌರವದಿಂದ ನನಗೆ ಮಾತೇ ಹೊರಡುತ್ತಿಲ್ಲ,” ಎಂದು ಓದಿದ. ಗವರ್ನರಾದ ಮೇಲೆ ಭಾಷಣದಲ್ಲಿ ಅವನು ಆಡಿದ ಮೊದಲ ಸತ್ಯ ಅದು. ಮುಂದಕ್ಕೆ ಓದಲಾಗದೆ ಕುರ್ಚಿಯಲ್ಲಿ ಕುಸಿದ.

“ಪಿಂಡರ್,” ಎಂದ ಹಲ್ಲು ಕಚ್ಚಿ. “ಇವತ್ತಿನ ಆಜ್ಞೆಗಳನ್ನೆಲ್ಲ ರದ್ದು ಮಾಡು. ಈಗಲೇ.”

“ಆಗಲ್ಲ ದೊರೆ. ಶಾಶ್ವತ ಅಂತ ಮಹಾರಾಣಿಗೆ ನೀವೇ ಬರೆದು ರುಜು ಹಾಕಿದೀರಿ. ಈಗ ರದ್ದು ಮಾಡಿದ್ರೆ ಅವರಿಗೆ ಸುಳ್ಳು ಹೇಳ್ದಂಗಾಗತ್ತೆ.”

ಕೋಲು ಕೊಟ್ಟು ಹೊಡೆಸಿಕೊಂಡ ದೊರೆಯ ಹತ್ತಿರಕ್ಕೆ ಮಾ ಸೆಲೆಸ್ಟೀನ್ ಮೆಟ್ಟಿಲು ಹತ್ತಿ ಬಂದಳು.

“ಯಾಕಮ್ಮಾ ಹೀಗೆ ಮಾಡಿದೆ? ನಾನು ಹೋಗ್ಲಿ ಅಂತಲ್ವಾ ನಿಮ್ಮೆಲ್ಲರ ಆಸೆ?”

“ನೀವು ಹೋದ್ರೆ ಇನ್ನೊಬ್ಬ ಬರ್ತಾನೆ ದೊರೆ. ಬಂದೋನು ಮತ್ತೆ ಬೀಗ ಹಾಕ್ತಾನೆ. ಅವನನ್ನ ಪಳಗಿಸೋಕೆ ಇನ್ನೈದು ವರ್ಷ ಬೇಕು, ನನಗೆಲ್ಲಿದೆ ಅಷ್ಟು ಆಯಸ್ಸು? ನೀವಾದ್ರೆ ಪಳಗಿಬಿಟ್ಟಿದೀರಿ. ನಾಳೆ ಬೆಳಿಗ್ಗೆ ಬರ್ತೀನಿ, ಸೇತುವೆ ವಿಚಾರ ಮಾತಾಡೋದಿದೆ.”

ಡೆವೆನಿಶ್ ಬೋಳು ಟೋಪಿ ತೆಗೆದು ಪಕ್ಕಕ್ಕಿಟ್ಟ. ಅವಳ ಕಡೆ ತಿರುಗಿದ.

“ಯಾವ ಸೇತುವೆ, ಮಾ?” ಎಂದು ಕೇಳಿದ.