ಅತ್ತೆಯ ಬೈಜಾಂಟೈನ್ ಸಂಸಾರ

ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನೀರು ಎಷ್ಟು ಗಂಟೆಗೆ ಬರುತ್ತದೆಂದು ನಮ್ಮ ಅತ್ತೆಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಸಾವಿರದಿನ್ನೂರು ವರ್ಷಗಳ ಹಿಂದೆ ಕಾನ್‌ಸ್ಟಾಂಟಿನೋಪಲ್ಲಿನ ಅರಮನೆಯಲ್ಲಿ ಯಾವ ತಾಯಿ ತನ್ನ ಮಗನ ಕಣ್ಣು ಕೀಳಿಸಿದಳು ಎಂಬುದು ಪಕ್ಕಾ ಗೊತ್ತು. ಇಂಥವರ ಒಬ್ಬನೇ ಮಗನನ್ನು ಮದುವೆಯಾಗಲು ಧೈರ್ಯ ಬೇಡವೇ?

ಅತ್ತೆ ಉಡುಪಿ ಕಡೆಯವರು. ಮುಂಬಯಿಯ ಫೋರ್ಟಿನ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದರು. ಮಾವ ಕಲ್ಯಾಣದ ಒಂದು ಸಸ್ಯಾಹಾರಿ ಹೋಟೆಲಿನ ಮ್ಯಾನೇಜರ್. ಅತ್ತೆಯ ಹುಚ್ಚು ಬೈಜಾಂಟೈನ್ ನಾಣ್ಯಗಳದ್ದು. ಹಳೆಯ ರೋಮ್ ಬಿದ್ದುಹೋದ ಮೇಲೂ ಪೂರ್ವದಲ್ಲಿ ಸುಮಾರು ಸಾವಿರ ವರ್ಷ ಬಾಳಿದ ಸಾಮ್ರಾಜ್ಯವದು. ಇಂದಿನ ಇಸ್ತಾಂಬುಲ್ ಅದರ ರಾಜಧಾನಿ. ಉಡುಪಿಯವರಿಗೂ ಅದಕ್ಕೂ ಎತ್ತಣಿಂದೆತ್ತ ಸಂಬಂಧ? ನಾನೂ ಕೇಳಿದ್ದೆ. ಒಂದು ಮಳೆಗಾಲ ಥಾಣೆಯಲ್ಲಿ ಲೋಕಲ್ ರೈಲು ನಿಂತುಹೋದಾಗ, ಸ್ಟೇಷನ್ ಹತ್ತಿರದ ಹಾಲೊಂದರಲ್ಲಿ ನಾಣ್ಯ ಪ್ರದರ್ಶನ ನಡೆಯುತ್ತಿತ್ತಂತೆ. ಮೊಘಲರ ಮುಂದೆ ನೂಕುನುಗ್ಗಲು, ಮರಾಠರ ಮುಂದೆ ಕ್ಯೂ.

"ಬೈಜಾಂಟೈನ್ ಟೇಬಲ್ಲಿನ ಎದುರು ಮಾತ್ರ ಒಂದು ಕುರ್ಚಿ ಖಾಲಿ ಇತ್ತು. ನನಗೆ ಕಾಲು ನೋಯ್ತಾ ಇತ್ತು" ಎಂದರು ಅತ್ತೆ.

ಮಹಾ ಸಾಮ್ರಾಜ್ಯವೊಂದು ನಮ್ಮ ಮನೆಗೆ ಬಂದದ್ದು ಹೀಗೆ!

ನನ್ನನ್ನು ನೋಡಲು ಬದಲಾಪುರಕ್ಕೆ ಬಂದ ದಿನ ಅವರು ಅಡುಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದೇನೂ ಕೇಳಲಿಲ್ಲ. ಪರ್ಸಿನಿಂದ ಕಪ್ಪನೆಯದೊಂದು ಬಿಲ್ಲೆ ತೆಗೆದು ನನ್ನ ಅಂಗೈಯಲ್ಲಿಟ್ಟು, ಇದರಲ್ಲಿ ಏನು ಕಾಣುತ್ತದೆ ಎಂದರು. ನಾನು ಹೆದರಿ, ಸುಟ್ಟ ಬೆಲ್ಲದ ಹಾಗಿದೆ ಎಂದೆ. ನಮ್ಮಮ್ಮ ಕಣ್ಣು ಮುಚ್ಚಿಕೊಂಡರು. ಅತ್ತೆಗೆ ಮಾತ್ರ ಬಹಳ ಸಂತೋಷವಾಯಿತು. ಅದಕ್ಕೆ ಮೊದಲು ನೋಡಿದ ಹುಡುಗಿಯರೆಲ್ಲ "ತುಂಬಾ ಚೆನ್ನಾಗಿದೆ" ಎಂದು ಸುಳ್ಳು ಹೇಳಿದ್ದರಂತೆ. ನಾಣ್ಯದ ಮೇಲಿನ ಚಕ್ರವರ್ತಿಯನ್ನು ಬೆಲ್ಲವೆಂದದ್ದಕ್ಕೆ ನನಗೆ ಗಂಡ ಸಿಕ್ಕಿದ!

ಅವರ ಇತಿಹಾಸ ನಾಣ್ಯದ ಡಬ್ಬಿಯಲ್ಲಿ ಸುಮ್ಮನೆ ಕೂರುವಂಥದ್ದಲ್ಲ. ಸೊಸೈಟಿಯ ಚುನಾವಣೆಯಲ್ಲಿ ಸೋತ ಸೆಕ್ರೆಟರಿಯನ್ನು ಸಮಾಧಾನ ಮಾಡಲು ಹೋಗಿ, ಶತ್ರುಗಳು ಮೂಗು ಕತ್ತರಿಸಿ ಗಡೀಪಾರು ಮಾಡಿದರೂ ಹತ್ತು ವರ್ಷದ ಮೇಲೆ ಬಂದು ಸಿಂಹಾಸನವೇರಿದ ಚಕ್ರವರ್ತಿಯ ಕಥೆ ಹೇಳಿದರು. ಪಾಪ, ಆ ಮನುಷ್ಯ ಈಗಲೂ ನಮ್ಮತ್ತೆಯನ್ನು ಲಿಫ್ಟಿನಲ್ಲಿ ಕಂಡರೆ ಮೂಗು ಮುಟ್ಟಿಕೊಳ್ಳುತ್ತಾನೆ.

ಎಲ್ಲಕ್ಕಿಂತ ದೊಡ್ಡ ಫಜೀತಿ ನಡೆದದ್ದು ಲೋಕಲ್‌ನಲ್ಲಿ. ಥಾಣೆಯಿಂದ ನಾವಿಬ್ಬರೂ ಲೇಡೀಸ್ ಡಬ್ಬಿಯಲ್ಲಿ ಬರುತ್ತಿದ್ದೆವು. ಹೊಸದಾಗಿ ಕೊಂಡ ನಾಣ್ಯವನ್ನು ಮತ್ತೊಮ್ಮೆ ನೋಡಬೇಕೆಂದು ಬಾಗಿಲ ಬಳಿಯೇ ಹೊರತೆಗೆದರು. ಯಾರದೋ ಮೊಣಕೈ ತಾಗಿ ಅದು ಹಾರಿಹೋಯಿತು. ಅತ್ತೆ ಎದೆ ಹಿಡಿದುಕೊಂಡು "ಮೇರಾ ರಾಜಾ ಗಿರ್ ಗಯಾ" ಎಂದರು. ಮಗುವೇ ಬಿತ್ತೆಂದುಕೊಂಡು ಯಾರೋ ಚೈನ್ ಎಳೆದೇಬಿಟ್ಟರು. ಗಾಡಿ ನಿಂತಿತು. ಹೆಂಗಸರು ಅಳತೊಡಗಿದರು. ಮಹಿಳಾ ಪೊಲೀಸ್ ಬಂದು ನೋಟ್‌ಬುಕ್ ತೆಗೆದಳು.

"ಉಮರ್ ಕಿತನಾ?" ಎಂದು ವಯಸ್ಸು ಕೇಳಿದಳು.

"ಚೌದಾ ಸೌ ಸಾಲ್" ಎಂದರು ಅತ್ತೆ, ಅಷ್ಟೇ ಗಂಭೀರವಾಗಿ. ಸಾವಿರದ ನಾನೂರು ವರ್ಷ!

ಬಳೆ ಮಾರುವವಳ ಬುಟ್ಟಿಯಲ್ಲಿ ರಾಜ ಕ್ಷೇಮವಾಗಿ ಸಿಕ್ಕಿದ. ನಾನು ಮುಖ ಮುಚ್ಚಿಕೊಂಡು ಡೊಂಬಿವಲಿಯಲ್ಲಿ ಇಳಿದೆ.

ಮದುವೆಯಾದ ಎರಡನೆಯ ವರ್ಷ, ಮೂರು ತಿಂಗಳಾಗಿದ್ದಾಗ, ನನ್ನ ಬಸಿರು ಇಳಿದುಹೋಯಿತು. ಬಂದವರೆಲ್ಲ ಇನ್ನೂ ವಯಸ್ಸಿದೆ, ಇನ್ನೊಂದಾಗುತ್ತದೆ ಎಂದರು. ನನಗೆ ಇನ್ನೊಂದು ಬೇಕಿರಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಅತ್ತೆ ನಾಣ್ಯದ ಡಬ್ಬಿ ತಂದು ಹಾಸಿಗೆಯ ಮೇಲೆ ಕುಳಿತರು. ನನಗೆ ಒಳಗೊಳಗೇ ಸಿಟ್ಟು ಬಂತು, ಈಗಲೂ ಚಕ್ರವರ್ತಿಗಳೇ?

ಅವರು ಚಿಕ್ಕ ಕಾಗದದ ಲಕೋಟೆಯಿಂದ ಒಂದು ತಾಮ್ರದ ನಾಣ್ಯ ತೆಗೆದು ನನ್ನ ಕೈಗಿಟ್ಟರು. ಎರಡೂ ಬದಿ ಸವೆದು ನುಣ್ಣಗಾಗಿತ್ತು. ಮುಖವಿಲ್ಲ, ಅಕ್ಷರವಿಲ್ಲ. ಉಳಿದ ಲಕೋಟೆಗಳ ಮೇಲೆಲ್ಲ ರಾಜರ ಹೆಸರು ಟೈಪಾಗಿತ್ತು. ಇದರ ಮೇಲೆ ಪೆನ್ನಿನಲ್ಲಿ "ಶ್ರಾವಣ" ಎಂದಷ್ಟೇ ಬರೆದಿತ್ತು.

"ನಿನ್ನ ಗಂಡ ಹುಟ್ಟುವ ಮೊದಲು, ಶ್ರಾವಣದಲ್ಲಿ, ನನಗೂ ಒಂದು ಹೋಗಿತ್ತು" ಎಂದರು. "ಹೆಸರಿಡ್ಲಿಕ್ಕೆ ಬಿಡಲಿಲ್ಲ. ಅತ್ತರೆ ಬೈತಿದ್ರು. ಇದು ಸಿಕ್ಕಿದಾಗ ವ್ಯಾಪಾರಿ ಹೇಳಿದ, ಇದು ಯಾರದ್ದೂಂತ ಗೊತ್ತಾಗುದಿಲ್ಲ, ಬಿಟ್ಬಿಡಿ ಅಂತ. ನಾನು ಬಿಡಲಿಲ್ಲ."

ಆಮೇಲೆ ಡಬ್ಬಿಯಿಂದ ಹಾಗೆಯೇ ಸವೆದ ಇನ್ನೊಂದು ನಾಣ್ಯವನ್ನು ಹುಡುಕಿ ತೆಗೆದು ಹೊಸ ಲಕೋಟೆಗೆ ಹಾಕಿದರು. ಪೆನ್ನಿನ ಮುಚ್ಚಳ ಬಿಚ್ಚಿ ನನಗೆ ಕೊಟ್ಟರು.

ನಾನು ಲಕೋಟೆಯ ಮೇಲೆ "ಮಾಘ" ಎಂದು ಬರೆದೆ. ನಾಲ್ಕು ದಿನದಲ್ಲಿ ಮೊದಲ ಸಲ ಜೋರಾಗಿ ಅತ್ತುಬಿಟ್ಟೆ. ಅವರು ನನಗೆ ಸುಮ್ಮನಿರು ಎನ್ನಲಿಲ್ಲ.