ಫೇಲ್ ಸಾಹೇಬರು ಆಟಕ್ಕಿಳಿದದ್ದು

"ಇವತ್ತಿನಿಂದ ಈ ಕಟ್ಟಡದ ಯಾವ ಮಗುವೂ ನಾನು ಪಾಸ್ ಮಾಡದ ವಿಡಿಯೋ ಗೇಮ್ ಮುಟ್ಟೋ ಹಾಗಿಲ್ಲ!" ಎಂದು ಫೇಲ್ ಸಾಹೇಬರು ಮೆಟ್ಟಿಲ ಮೇಲೆ ನಿಂತು ಘೋಷಿಸಿಯೇಬಿಟ್ಟರು.

ಡ್ರೈವಿಂಗ್ ಲೈಸೆನ್ಸಿಗೆ ಬಂದವರನ್ನು ಪರೀಕ್ಷೆ ಮಾಡುವುದು ಸಾಹೇಬರ ಉದ್ಯೋಗ. ಕಂಕುಳಲ್ಲಿ ರಟ್ಟಿನ ಪ್ಯಾಡ್, ಕಿವಿಯ ಮೇಲೆ ಪೆನ್ಸಿಲ್. ಇಂಡಿಕೇಟರ್ ಹಾಕದೆ ತಿರುಗಿದಿರೋ, ಫೇಲ್! ಹಾಕಿದ್ದನ್ನು ಆರಿಸಲು ಮರೆತಿರೋ, ಫೇಲ್! "ನಿಯಮ ಅಂದ್ರೆ ನಿಯಮ. ಒಂದು ವಾರ ಬಿಟ್ಟು ಬನ್ನಿ." ಮದುವೆಗೆ ಮುಂಚೆ ಸ್ವಂತ ಹೆಂಡತಿಯನ್ನೇ ಮೂರು ಸಲ ಫೇಲ್ ಮಾಡಿದ ಮಹಾನುಭಾವ! ಆಕೆ ಅದನ್ನು ಇವತ್ತಿಗೂ ಮರೆತಿಲ್ಲ.

ಕೆಳಗಿನ ಮನೆಯ ಹಲ್ಲಿನ ಡಾಕ್ಟರು, ಮೇಲಿನ ಮನೆಯ ದರ್ಜಿ, ಇಬ್ಬರೂ ಮಕ್ಕಳು ಯಾವ ಗೇಮ್ ಆಡಬಹುದೆಂದು ತಿಳಿಯದೆ ತಲೆ ಕೆಡಿಸಿಕೊಂಡಿದ್ದರು. ಪರೀಕ್ಷೆ ಮಾಡುವವರೇ ಕಟ್ಟಡದಲ್ಲಿರುವಾಗ ಚಿಂತೆ ಯಾಕೆ?

"ಗೇಮ್ ಬಗ್ಗೆ ನಿಮಗೇನ್ರೀ ಗೊತ್ತು? ಟಿವಿ ಸೌಂಡ್ ಕಮ್ಮಿ ಮಾಡೋಕೆ ಹೋಗಿ ಭಾಷೆ ಬದಲಾಯಿಸಿದೋರು ನೀವು!" ಅಂದಳು ಹೆಂಡತಿ.

"ಪರೀಕ್ಷೆ ಮಾಡೋನಿಗೆ ವಿಷಯ ಗೊತ್ತಿರಬೇಕಾಗಿಲ್ಲ ಕಣೇ. ತಪ್ಪು ಗೊತ್ತಿದ್ರೆ ಸಾಕು!"

ಒಳಗಿನ ಮಾತು ಬೇರೆಯೇ ಇತ್ತು. ಮಗಳು ಪುಟ್ಟಿಗೆ ಹನ್ನೊಂದು ತುಂಬಿತ್ತು. ಹೋದ ವರ್ಷದವರೆಗೂ ಶಾಲೆಯಿಂದ ಅಪ್ಪನ ಸ್ಕೂಟರಿನ ಹಿಂದೆ ಕೂತು ಬರುತ್ತಿದ್ದಳು. ದಾರಿಯುದ್ದಕ್ಕೂ ಬೆರಳಿನಿಂದ ಬೆನ್ನಿಗೆ ತಿವಿಯುತ್ತ, "ಅಪ್ಪ ಕೇಳು, ಅಪ್ಪ ಕೇಳು" ಎಂದು ಲೆಕ್ಕದ ಮೇಷ್ಟ್ರ ಸೀನಿನಿಂದ ಹಿಡಿದು ಪಕ್ಕದ ಬೆಂಚಿನವಳ ಮುರಿದ ಸ್ಕೇಲಿನವರೆಗೆ ಎಲ್ಲ ವರದಿ ಒಪ್ಪಿಸುತ್ತಿದ್ದಳು. ಈ ವರ್ಷ "ನಾನೀಗ ದೊಡ್ಡೋಳು" ಎಂದು ಶಾಲೆಯ ವ್ಯಾನ್ ಹತ್ತಿದಳು. ಮನೆಗೆ ಬಂದರೆ ಕಿವಿಗೆ ಹೆಡ್‌ಫೋನ್, ಕೈಗೆ ಗೇಮಿನ ರಿಮೋಟ್. ಏನು ಕೇಳಿದರೂ "ಹ್ಞೂಂ", ಇಲ್ಲವೇ "ಉಹ್ಞೂಂ". ಹಿಂದಿನ ಸೀಟು ಖಾಲಿ ಇಟ್ಟುಕೊಂಡು ಮನೆಗೆ ಬರುವಾಗ ಸಾಹೇಬರ ಬೆನ್ನು ಆ ತಿವಿತಕ್ಕಾಗಿ ಹಂಬಲಿಸುತ್ತಿತ್ತು. ಆ ದರಿದ್ರ ಗೇಮನ್ನು ಫೇಲ್ ಮಾಡಿದರೆ ಮಗಳು ವಾಪಸ್ ಸಿಗುತ್ತಾಳೆ ಅನ್ನುವುದು ಅವರ ಗುಟ್ಟಿನ ಆಸೆ.

ಭಾನುವಾರ ಪುಟ್ಟಿ ಈಜು ಕಲಿಯಲು ಹೋದದ್ದೇ ತಡ, ಹಜಾರದಲ್ಲಿ ಸಭೆ ಸೇರಿತು. ಡಾಕ್ಟರು ಸೋಫಾದಲ್ಲಿ, ದರ್ಜಿ ಸ್ಟೂಲಿನ ಮೇಲೆ. ಸಾಹೇಬರು ಮಗಳ ಕಾರ್ ರೇಸನ್ನು ಟಿವಿಗೆ ಹಾಕಿ, ಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡು, ರಿಮೋಟ್ ಹಿಡಿದರು.

ಮೂರು, ಎರಡು, ಒಂದು! ಒಂಬತ್ತು ಕಾರುಗಳು ಚಿಮ್ಮಿದವು. ಸಾಹೇಬರದು ನಿಂತಲ್ಲೇ ನಿಂತಿತ್ತು.

"ಹೊರಡಿ ಸಾರ್!" ಅಂದ ದರ್ಜಿ.

"ಕನ್ನಡಿ ಹುಡುಕ್ತಿದ್ದೀನಿ. ಹಿಂದೆ ನೋಡದೆ ಹೊರಡೋದಾ?"

ಹೊರಟರು, ಇಪ್ಪತ್ತರ ವೇಗದಲ್ಲಿ! ಆಟದೊಳಗಿನ ಊರಿನಲ್ಲಿ ಅಂದಕ್ಕೆಂದು ಇಟ್ಟಿದ್ದ ಕೆಂಪು ದೀಪ ಕಂಡು ಗಾಡಿ ನಿಲ್ಲಿಸಿದರು. ಅದೋ, ಹಸಿರಾಗಲೊಲ್ಲದು! ನಿಂತದ್ದು ಕಿರಿದಾದ ಸೇತುವೆಯ ಮೇಲೆ. ಎರಡನೇ ಸುತ್ತಿಗೆ ಬಂದ ಒಂಬತ್ತೂ ಕಾರುಗಳು ಅವರ ಹಿಂದೆ ಸಾಲುಗಟ್ಟಿದವು.

ಆಗ ಕೆಳಗಿನ ಮನೆಯಿಂದ ಡಾಕ್ಟರ ಮಗನ ಕೂಗು ಕೇಳಿಸಿತು: "ಯಾರೋ ಅದು ಸೇತುವೆ ಮೇಲೆ ಅಂಗಡಿ ಇಟ್ಟಿರೋದು!" ಮೇಲಿನ ಮನೆಯಿಂದ ದರ್ಜಿಯ ಮಗ: "ಪುಟ್ಟೀ, ನಿದ್ದೆ ಬಂತೇನೇ? ಮುಂದೆ ಹೋಗೇ!"

ಡಾಕ್ಟರು ಎದ್ದು ನಿಂತರು. "ಸಾರ್, ಇದು ಆನ್‌ಲೈನ್ ಆಟ, ಆ ಕಾರುಗಳಲ್ಲಿರೋದು ನಮ್ಮ ಮಕ್ಕಳು, ಅವರ ಗೆಳೆಯರು ಕಣ್ರೀ! ನೀವು ಪುಟ್ಟಿ ಹೆಸರಲ್ಲಿ ಓಡಿಸ್ತಿದ್ದೀರಿ!"

ಸಾಹೇಬರು ಕೈಗೆ ಸಿಕ್ಕ ಗುಂಡಿಯನ್ನು ಒತ್ತಿಬಿಟ್ಟರು. ಒತ್ತಿದ್ದಕ್ಕೆ ರಿವರ್ಸ್ ಬಿತ್ತು. ಒಂಬತ್ತೂ ಕಾರುಗಳು ಒಂದರ ಹಿಂದೊಂದು ಹೊಳೆಗೆ! ಆಟಗಾರರೆಲ್ಲರ ಪಟ್ಟಿಯಲ್ಲಿ ಮೂರನೇ ಸ್ಥಾನದಲ್ಲಿದ್ದ ಪುಟ್ಟಿ ನಾನೂರ ಹನ್ನೆರಡಕ್ಕೆ ಇಳಿದಿದ್ದಾಳೆ, ಗೆಳೆಯರ ತಂಡದಿಂದಲೂ ಅವಳನ್ನು ತೆಗೆದುಹಾಕಲಾಗಿದೆ ಎಂದು ಟಿವಿ ಸಾರಿತು. ಡಾಕ್ಟರು, ದರ್ಜಿ ಇಬ್ಬರೂ ಸದ್ದಿಲ್ಲದೆ ಚಪ್ಪಲಿ ಹುಡುಕಿದರು.

ಒದ್ದೆ ಕೂದಲಲ್ಲಿ ಬಂದ ಪುಟ್ಟಿ ಟಿವಿ ನೋಡಿದಳು. ಅಪ್ಪನನ್ನು ನೋಡಿದಳು. ಕಿರುಚಿದ್ದರೆ ಚೆನ್ನಾಗಿತ್ತು. ಕಿರುಚಲಿಲ್ಲ.

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಅಪ್ಪ," ಅಂದು ಕೋಣೆಯ ಬಾಗಿಲು ಹಾಕಿಕೊಂಡಳು. ಈಗ "ಹ್ಞೂಂ" ಕೂಡ ಇಲ್ಲ!

"ಆಟ ಸರಿಯಿದೆಯಾ ಅಂತ ಊರನ್ನೆಲ್ಲ ಕೂರಿಸ್ಕೊಂಡು ನೋಡಿದ್ರಿ," ಅಂದಳು ಹೆಂಡತಿ. "ಆಡೋ ಹುಡುಗಿ ಪಕ್ಕ ಒಂದಿನ ಕೂತಿದ್ರಾ?"

ಸಂಜೆ ಸಾಹೇಬರು ಹೋಗಿ ಮಗಳ ಕೋಣೆಯ ಬಾಗಿಲು ತಟ್ಟಿದರು.

"ಪುಟ್ಟೀ, ಕಳೆದ ಸ್ಥಾನ ವಾಪಸ್ ಬರೋಕೆ ಏನು ಮಾಡಬೇಕು?"

ಒಳಗಿನಿಂದ ದನಿ ಬಂತು. "ಜೋಡಿ ಪಂದ್ಯ ಗೆಲ್ಲಬೇಕು. ನನಗೆ ಜೋಡಿ ಇಲ್ಲ. ನಿನ್ನ ದಯೆ!"

"ನಾನು ಬರ್ಲಾ?"

ಬಾಗಿಲು ಬೆರಳಷ್ಟು ತೆರೆಯಿತು. "ನೀನು? ಪರೀಕ್ಷೆ ಮಾಡ್ತೀನಿ. ಪಾಸಾದ್ರೆ ನೋಡೋಣ."

ಅಪ್ಪನ ಪ್ಯಾಡನ್ನೇ ತೊಡೆಯ ಮೇಲಿಟ್ಟುಕೊಂಡು, ಅಪ್ಪನ ಪೆನ್ಸಿಲನ್ನೇ ಕಿವಿಗೆ ಸಿಕ್ಕಿಸಿಕೊಂಡು ಪುಟ್ಟಿ ಸೋಫಾದಲ್ಲಿ ಕೂತಳು. ಸಾಹೇಬರು ಅವಳ ಮುಂದೆ ನೆಲದ ಮೇಲೆ. ಮೊದಲ ತಿರುವಿಗೇ ಗೋಡೆಗೆ ಗುದ್ದಿದರು. ಬೆನ್ನಿಗೆ ಬೆರಳು ತಿವಿಯಿತು. "ತಿರುಗು ಅಪ್ಪ, ತಿರುಗು!" ಅಬ್ಬಾ, ಎಷ್ಟು ತಿಂಗಳಾಗಿತ್ತು! ಸಾಹೇಬರ ಕಣ್ಣು ಮಂಜಾಗಿ ಇನ್ನೊಂದು ಗೋಡೆಗೂ ಗುದ್ದಿದರು.

"ಫೇಲ್. ನಾಳೆ ಬಾ."

ಸೋಮವಾರ ಫೇಲ್, ಮಂಗಳವಾರ ಫೇಲ್, ಬುಧವಾರವೂ ಫೇಲ್. ಗುರುವಾರ ತಿವಿತದ ಜೊತೆಗೆ ಒಂದು ಮಾತೂ ಬಂತು: "ಅಪ್ಪ ಕೇಳು, ಲೆಕ್ಕದ ಮೇಷ್ಟ್ರು ಇವತ್ತು ಏನು ಮಾಡಿದ್ರು ಗೊತ್ತಾ?"

ಶುಕ್ರವಾರ ಮೆಟ್ಟಿಲಲ್ಲಿ ಡಾಕ್ಟರು ಅಡ್ಡಹಾಕಿದರು. "ಕೊನೆಗೆ ಮಕ್ಕಳಿಗೆ ಯಾವ ಗೇಮ್ ಒಳ್ಳೇದು ಅಂತೀರಿ ಸಾರ್?"

"ಇಬ್ಬರು ಆಡೋ ಅಂಥದ್ದು ತನ್ನಿ ಡಾಕ್ಟ್ರೇ, ತಂದು ಪಕ್ಕದಲ್ಲೇ ಕೂತ್ಕೊಳ್ಳಿ. ದಾರಿ ಬಿಡಿ, ನನಗೆ ಪರೀಕ್ಷೆ ಇದೆ!"

ಅವತ್ತು ಸಾಹೇಬರು ಒಂದೂ ತಪ್ಪು ಮಾಡಲಿಲ್ಲ. ಕೆಂಪು ದೀಪವನ್ನು ಕಣ್ಣೆತ್ತಿಯೂ ನೋಡದೆ, ಸೇತುವೆಯ ಮೇಲೆ ಗಾಡಿ ಹಾರಿಸಿಕೊಂಡು ಎರಡನೆಯವರಾಗಿ ಬಂದರು! ಎದೆಯುಬ್ಬಿಸಿ ಹಿಂದಿರುಗಿ ನೋಡಿದರು.

ಪುಟ್ಟಿ ಪ್ಯಾಡಿನ ಮೇಲೆ ಏನೋ ಗೀಚಿದಳು. "ಫೇಲ್. ನಾಳೆ ಬಾ."

"ಅನ್ಯಾಯ ಕಣೇ! ಎಲ್ಲಾ ಸರಿಯಾಗೇ ಮಾಡಿದ್ನಲ್ಲ! ಯಾಕೆ ಫೇಲ್?"

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. "ರೀ, ಮೂರನೇ ಸಲ ಫೇಲ್ ಮಾಡಿದಾಗ ನಾನೂ ನಿಮ್ಮನ್ನ ಇದನ್ನೇ ಕೇಳಿದ್ದೆ. ನೀವೇನು ಹೇಳಿದ್ರಿ?"

ಆಗ ಸಾಹೇಬರು ಏನೂ ಹೇಳಿರಲಿಲ್ಲ. ಇನ್ನೊಂದು ವಾರ ಬಿಟ್ಟಾದರೂ ಆಕೆ ಮತ್ತೆ ಬರಲಿ ಎಂಬ ಆಸೆಯನ್ನು ಬಾಯಿಬಿಟ್ಟು ಹೇಳಲಾರದೆ, ತಲೆ ತಗ್ಗಿಸಿ ಪ್ಯಾಡನ್ನೇ ನೋಡುತ್ತ ನಿಂತಿದ್ದರು. ಕಿವಿ ಎರಡೂ ಕೆಂಪಾಗಿದ್ದವು.

ಮಗಳತ್ತ ತಿರುಗಿದರು. ಪುಟ್ಟಿ ತಲೆ ತಗ್ಗಿಸಿ ಪ್ಯಾಡನ್ನೇ ನೋಡುತ್ತಿದ್ದಳು. ಕಿವಿ ಎರಡೂ ಕೆಂಪಾಗಿದ್ದವು.

ಫೇಲ್ ಸಾಹೇಬರು ಕೈ ಮುಗಿದು ಕೇಳಿದರು, "ನಾಳೆ ಎಷ್ಟು ಹೊತ್ತಿಗೆ ಬರಬೇಕು ಮೇಡಂ?"

"ಶಾಲೆ ಬಿಡೋ ಹೊತ್ತಿಗೆ," ಅಂದಳು ಪುಟ್ಟಿ, ತಲೆ ಎತ್ತದೆ. "ಸ್ಕೂಟರ್ ತಗೊಂಡು ಬಾ."